ನಾಲ್ಕು ವರ್ಷ, 43,700 ಕಿ.ಮೀ.: ಆಯಿಲ್ ತಿನ್ನುವ ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ

ಈ ಕಾರು ಕೊಂಡಾಗ ಮೀಟರ್‌ನಲ್ಲಿ 82,400 ಕಿ.ಮೀ. ಇತ್ತು. ಇವತ್ತು ಬೆಳಿಗ್ಗೆ ನೋಡಿದಾಗ 1,26,100. ನಾಲ್ಕು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಇಂಜಿನ್, ಟರ್ಬೊ ಇಲ್ಲ. ಸೀಟು, ಸ್ಟೀರಿಂಗ್, ಎಸಿ, ಸಸ್ಪೆನ್ಷನ್ ಯಾವುದರ ಬಗ್ಗೆಯೂ ದೂರಿಲ್ಲ. ಕ್ಲಚ್ ಒಮ್ಮೆ ಬದಲಾಯಿಸಿದ್ದೇನೆ, ಅದು ಆ ವಯಸ್ಸಿಗೆ ಸಹಜ. ಆದರೆ ಈ ಕಾರು ಆಯಿಲ್ ತಿನ್ನುತ್ತದೆ, ಅಂದರೆ ಇಂಜಿನ್ ಆಯಿಲ್ ಇರಬೇಕಾದದ್ದಕ್ಕಿಂತ ಬೇಗ ಖಾಲಿಯಾಗುತ್ತದೆ. ಅದು ನನಗೆ ಗೊತ್ತಾದದ್ದು ಕಾರು ಬಂದ ಐದನೇ ವಾರ, ಇಂಜಿನ್ ಕೈಬಿಟ್ಟು ಹೋಗಲು ಸ್ವಲ್ಪವೇ ಉಳಿದಿದ್ದಾಗ.

ಇಳಿಜಾರಿನ ತಿರುವು. ಅಮ್ಮ ಪಕ್ಕದ ಸೀಟಿನಲ್ಲಿದ್ದರು. ಬ್ರೇಕ್ ಒತ್ತಿ ಬಲಕ್ಕೆ ತಿರುಗಿಸುತ್ತಿದ್ದಂತೆ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಒಂದು ಕ್ಷಣ ಮಿನುಗಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ. ನೇರ ರಸ್ತೆಗೆ ಬಂದರೆ ಏನೂ ಇಲ್ಲ. ಒಂದು ಸಲ ಮಿನುಗಿ ಆರಿದ ದೀಪವನ್ನು ವೈರಿಂಗ್ ದೋಷ ಎಂದುಕೊಂಡು ಮುಂದೆ ಹೋಗುವುದು ಬಹಳ ಸುಲಭ. ಎರಡನೇ ಸಲ ಕಂಡಾಗ ನಾನು ಗಾಡಿಯನ್ನು ಬದಿಗೆ ಹಾಕಿ ಇಂಜಿನ್ ಆಫ್ ಮಾಡಿದೆ. ಇಷ್ಟು ವರ್ಷದಲ್ಲಿ ಈ ಕಾರಿಗೆ ನಾನು ಮಾಡಿದ ಅತಿ ದೊಡ್ಡ ಉಪಕಾರ ಅದೇ.

ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಎಳೆದೆ. ಒರೆಸಿ ಮತ್ತೆ ಹಾಕಿ ಎಳೆದೆ. ಕಡ್ಡಿ ಒಣಗಿತ್ತು. ಒಂದು ಲೀಟರ್ ಆಯಿಲ್ ತರಿಸಿ ಹಾಕಿ, ಇಳಿಯಲು ಬಿಟ್ಟು ನೋಡಿದರೆ ಕಡ್ಡಿಯ ತುದಿಗೆ ಮಾತ್ರ ಅಂಟಿತ್ತು, ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಎರಡನೇ ಲೀಟರ್ ಸುರಿದ ಮೇಲೆ ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ನಿಂತಿತು. ಈ ಇಂಜಿನ್ ಹಿಡಿಯುವುದು ಫಿಲ್ಟರ್ ಸೇರಿ 3.5 ಲೀಟರ್. ಅಂದರೆ ನಾನು ಓಡಿಸುತ್ತಿದ್ದದ್ದು ಹೆಚ್ಚುಕಡಿಮೆ 1.3 ಲೀಟರಿನಲ್ಲಿ.

ಅಷ್ಟು ಕಡಿಮೆಯಾದರೂ ದೀಪ ಮೊದಲೇ ಯಾಕೆ ಹತ್ತಲಿಲ್ಲ? ಆ ಕೆಂಪು ದೀಪ ಆಯಿಲ್ ಎಷ್ಟಿದೆ ಎಂದು ನೋಡುವುದೇ ಇಲ್ಲ. ಅದು ಒತ್ತಡಕ್ಕೆ ಕಟ್ಟಿದ ದೀಪ. ಇಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಯಾದ ಸಂಪ್‌ನ ತಳದಲ್ಲಿ ಆಯಿಲ್ ಪಂಪಿನ ಕೊಳವೆ ಮುಳುಗುವಷ್ಟು ಆಯಿಲ್ ಇರುವ ತನಕ ಒತ್ತಡ ಬರುತ್ತಲೇ ಇರುತ್ತದೆ, ದೀಪ ಸುಮ್ಮನಿರುತ್ತದೆ. ತಿರುವಿನಲ್ಲಿ, ಜೋರು ಬ್ರೇಕಿನಲ್ಲಿ ಉಳಿದ ಆಯಿಲ್ ಒಂದು ಬದಿಗೆ ಸರಿದಾಗ ಕೊಳವೆ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಆಗ ಮಿನುಗು. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ತನ್ನ ಬೇರಿಂಗುಗಳ ಒಳಗೆ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಬೇರಿಂಗ್ ಸವೆದು ಬಡಿತದ ಶಬ್ದ ಶುರುವಾಗುತ್ತದೆ, ಆಮೇಲೆ ಇಂಜಿನ್ ಸೀಜ್ ಆಗುವುದು ದೂರದ ಮಾತಲ್ಲ. ಕೆಲವು ಕಾರುಗಳಲ್ಲಿ ಮಟ್ಟ ಕಡಿಮೆಯಾದರೆ ಹೇಳುವ ಹಳದಿ ದೀಪ ಬೇರೆಯೇ ಇರುತ್ತದೆ. ನನ್ನ ಕಾರಿನಲ್ಲಿ ಅದಿಲ್ಲ. ನಿಮ್ಮದರಲ್ಲಿ ಇದೆಯೋ ಇಲ್ಲವೋ ಮ್ಯಾನ್ಯುಯಲ್ ತೆರೆದು ಇವತ್ತೇ ನೋಡಿಕೊಳ್ಳಿ. ಕೆಂಪು ದೀಪ ಹತ್ತಿದರೆ ಮಾತ್ರ 'ಇನ್ನು ಎರಡೇ ಕಿಲೋಮೀಟರ್, ಗ್ಯಾರೇಜ್ ಬಂತು' ಎಂಬ ಲೆಕ್ಕ ಹಾಕಬೇಡಿ. ನಿಲ್ಲಿಸಿ, ಆಫ್ ಮಾಡಿ. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಟೋ ಮಾಡಿಸಿ.

ಗ್ಯಾರೇಜಿಗೆ ಹೋದಾಗ ನಾನು ಕೇಳಿದ್ದು ಇಂಜಿನ್ ಬಿಚ್ಚಬೇಕಾ ಎಂದು. ಮೆಕ್ಯಾನಿಕ್ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ, ನೋಡಿದರು, ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರವೇ ಇದ್ದವು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಒಳಮೈ ತೋರಿಸಿದರು: ಕಂದು ಬಣ್ಣದ ದಪ್ಪ ಜಿಡ್ಡು. "ಹಿಂದಿನವರು ಆಯಿಲ್ ಬದಲಾಯಿಸದೆ ತುಂಬಾ ಓಡಿಸಿದ್ದಾರೆ. ಆಯಿಲ್ ಸಿಲಿಂಡರ್ ಒಳಗೆ ಹೋಗದ ಹಾಗೆ ತಡೆಯೋ ಪಿಸ್ಟನ್ ರಿಂಗ್ ಅಂಟಿಕೊಂಡಿರಬಹುದು. ಮೊದಲು ಸಾವಿರ ಕಿಲೋಮೀಟರಿಗೆ ಎಷ್ಟು ತಿನ್ನುತ್ತೆ ಅಂತ ಅಳೆದುಕೊಂಡು ಬನ್ನಿ, ಬಿಚ್ಚೋ ಮಾತು ಆಮೇಲೆ," ಎಂದರು. ಜಿಡ್ಡು ಕರಗಿಸುವ ಫ್ಲಶ್ ದ್ರವ ಹಾಕಿ ತೊಳೆಯೋಣವಾ ಎಂದು ಕೇಳಿದ್ದಕ್ಕೆ ಬೇಡವೆಂದರು. ಹಳೆಯ ಜಿಡ್ಡು ಒಮ್ಮೆಲೇ ಎದ್ದು ಪಂಪಿನ ಜಾಲರಿಗೆ ಕೂತರೆ ಆಯಿಲ್ ತುಂಬಿದ್ದೂ ಒತ್ತಡ ಸಿಗದೆ ಹೋಗುತ್ತದೆ. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ ಒಂದು ಪುಸ್ತಕ ಇಟ್ಟೆ. ಗ್ಲೋವ್ ಬಾಕ್ಸಿನಲ್ಲಿ ಪುಸ್ತಕ, ಪೆನ್ನು, ಒರೆಸುವ ಹತ್ತಿಬಟ್ಟೆ. ಡಿಕ್ಕಿಯಲ್ಲಿ ಅದೇ ಗ್ರೇಡಿನ (ಅಂದರೆ ಅದೇ ಗಟ್ಟಿತನದ) ಆಯಿಲ್‌ನ ಒಂದು ಲೀಟರ್ ಕ್ಯಾನ್ ಮತ್ತು ಚಿಕ್ಕ ಫನಲ್. ಪ್ರತಿ 500 ಕಿ.ಮೀ.ಗೆ ಒಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಅದೇ ಸಮತಟ್ಟಾದ ಜಾಗದಲ್ಲಿ ಅಳೆಯುವುದು. ಕೆಲವು ಕಾರುಗಳಲ್ಲಿ ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಕೆಲವು ನಿಮಿಷ ಕಾದು ನೋಡಿ ಎಂದಿರುತ್ತದೆ. ಕಂಪನಿ ಹೇಳಿದ ಕ್ರಮವನ್ನೇ ಹಿಡಿಯಿರಿ, ಆದರೆ ಪ್ರತಿ ಸಲವೂ ಒಂದೇ ರೀತಿ ಅಳೆಯಿರಿ. ಇಲ್ಲದಿದ್ದರೆ ಎರಡು ಅಳತೆಗಳನ್ನು ಹೋಲಿಸಲು ಬರುವುದಿಲ್ಲ. ನನ್ನ ಡಿಪ್‌ಸ್ಟಿಕ್‌ನ ಎರಡು ಗೆರೆಗಳ ನಡುವೆ ಒಂದು ಲೀಟರ್. ಹೆಚ್ಚಿನ ಕಾರುಗಳಲ್ಲಿ ಸುಮಾರು ಅಷ್ಟೇ. ಹಾಗಾಗಿ ಕಾಲು ಭಾಗ ಇಳಿದರೆ 250 ಮಿ.ಲೀ. ಹೋಯಿತೆಂದು ಲೆಕ್ಕ.

ಮೊದಲ ಸಾವಿರ ಕಿ.ಮೀ.ಗೆ 650 ಮಿ.ಲೀ. ಹೋಗಿತ್ತು. ಆ ಅಂಕಿ ಬರೆದ ದಿನ ಇನ್ನೊಂದು ವಿಷಯ ಹೊಳೆಯಿತು. ಕೊಂಡ ದಿನದಿಂದ ದೀಪ ಮಿನುಗಿದ ದಿನದವರೆಗೆ ನಾನು ಓಡಿಸಿದ್ದು 1,900 ಕಿ.ಮೀ. ಈ ದರದಲ್ಲಿ ಖರ್ಚಾಗಿದ್ದರೆ ಒಂದೂಕಾಲು ಲೀಟರ್. ಆದರೆ ಕಮ್ಮಿಯಾಗಿದ್ದದ್ದು 2.2 ಲೀಟರ್. ಅಂದರೆ ಕೀಲಿ ನನ್ನ ಕೈಗೆ ಬಂದಾಗಲೇ ಆಯಿಲ್ ಕೆಳಗಿನ ಗೆರೆಯ ಹತ್ತಿರ ಇತ್ತು. ಮಾರಿದವರು 'ಪೂರ್ತಿ ಸರ್ವೀಸ್ ಆಗಿದೆ' ಎಂದಿದ್ದರು. ನಾನು ಬಣ್ಣ, ಟೈರು, ಕಾಗದಪತ್ರ ಎಲ್ಲವನ್ನೂ ನೋಡಿದ್ದೆ. ಬಾನೆಟ್ ಎತ್ತಿ ಆ ಕಡ್ಡಿಯನ್ನು ಎಳೆದಿದ್ದರೆ ಅರ್ಧ ನಿಮಿಷದ ಕೆಲಸ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಯಿಲ್ ಹೋಗುವುದು ಎರಡೇ ದಾರಿಯಲ್ಲಿ, ಸೋರಿ ಅಥವಾ ಸುಟ್ಟು. ಮೊದಲು ಸೋರುವುದನ್ನು ಹಿಡಿದೆವು. ಇಂಜಿನ್ನಿನ ಮೇಲಿನ ಮುಚ್ಚಳದ ಅಂಚಿಗೆ ಹಾಕುವ ಪಟ್ಟಿ, ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಗಟ್ಟಿಯಾಗಿ ಅಂಚಿನಲ್ಲಿ ಜಿನುಗುತ್ತಿತ್ತು. ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿದ್ದರಿಂದ ನೆಲದಲ್ಲಿ ಕಲೆಯೇ ಇರಲಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ ಮಾತ್ರ. ಸಂಪ್ ಬೋಲ್ಟಿನ ವಾಶರ್ ಕೂಡ ಹಳೆಯದು. ಎರಡನ್ನೂ ಬದಲಾಯಿಸಿದ ಮೇಲೆ ಸಾವಿರ ಕಿ.ಮೀ.ಗೆ 450 ಮಿ.ಲೀ.ಗೆ ಇಳಿಯಿತು. ಆಮೇಲೆ ಪಿಸಿವಿ ವಾಲ್ವ್. ಇಂಜಿನ್ನಿನ ಒಳಗಿನ ಆವಿಯನ್ನು ಮತ್ತೆ ಗಾಳಿಯ ಜೊತೆ ಸಿಲಿಂಡರಿಗೆ ಕಳಿಸುವ ಚಿಕ್ಕ ಕವಾಟ ಅದು. ಜಿಡ್ಡು ಕಟ್ಟಿ ತೆರೆದೇ ನಿಂತಿತ್ತು, ಆವಿಯ ಜೊತೆ ಆಯಿಲನ್ನೂ ಎಳೆಯುತ್ತಿತ್ತು. ಬೆರಳುದ್ದದ ಈ ವಾಲ್ವ್ ಬದಲಾಯಿಸಿದ್ದರಿಂದ 300ಕ್ಕೆ ಬಂತು. ಇಂಜಿನ್ ಬಿಚ್ಚಿ ರಿಂಗ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಮೊದಲು ಇವು ಮೂರನ್ನು ನೋಡಿಸಿ.

ಉಳಿದದ್ದು ಸುಡುತ್ತಿದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದಿಷ್ಟು ನೀಲಿ ಹೊಗೆ ಬಂದರೆ ವಾಲ್ವಿನ ಕಾಂಡದ ಸುತ್ತ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಕಡೆ ಅನುಮಾನ; ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗ್ ಕಡೆ. ನನ್ನದರಲ್ಲಿ ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಮಾತ್ರ ಜಿಡ್ಡಾಗುತ್ತಿತ್ತು, ಅಂದರೆ ಆಯಿಲ್ ಹೆಚ್ಚಾಗಿ ಸೇರುತ್ತಿದ್ದದ್ದು ಆ ಸಿಲಿಂಡರಿಗೆ. ಮ್ಯಾನ್ಯುಯಲ್‌ನಲ್ಲಿ 10,000 ಕಿ.ಮೀ.ಗೆ ಆಯಿಲ್ ಬದಲಾಯಿಸಿ ಎಂದಿದ್ದರೂ ನಾನು 5,000ಕ್ಕೇ ಬದಲಾಯಿಸುತ್ತಾ ಬಂದೆ. ಒಳ್ಳೆಯ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಜಿಡ್ಡನ್ನು ನಿಧಾನವಾಗಿ ಬಿಡಿಸುತ್ತದೆ. ಅದಕ್ಕೇ ಹೊಸ ಆಯಿಲ್ ಬೇಗ ಕಪ್ಪಾದರೆ ಈಗ ನಾನು ಗಾಬರಿಯಾಗುವುದಿಲ್ಲ. ಎರಡು ವರ್ಷದಲ್ಲಿ ದರ 250ಕ್ಕೆ ಬಂದು ಅಲ್ಲೇ ನಿಂತಿದೆ. ಮ್ಯಾನ್ಯುಯಲ್ ಒಪ್ಪುವ ಎರಡು ಗ್ರೇಡುಗಳಲ್ಲಿ 5ಡಬ್ಲ್ಯೂ-30 ಬಿಟ್ಟು 5ಡಬ್ಲ್ಯೂ-40 ಕೂಡ ಹಾಕಿ ನೋಡಿದೆ, ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆಯಿಲ್ ನಿಲ್ಲಲಿ ಎಂದು ಮ್ಯಾನ್ಯುಯಲ್‌ನಲ್ಲಿ ಇಲ್ಲದ ಗಟ್ಟಿ ಗ್ರೇಡ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ತಣ್ಣಗಿನ ಇಂಜಿನ್ನಿನಲ್ಲಿ ಅದು ಮೇಲಿನ ಭಾಗಗಳಿಗೆ ತಲುಪಲು ತಡವಾಗುತ್ತದೆ.

ಒಂದು ತಪ್ಪನ್ನೂ ಬರೆಯಬೇಕು. ಎರಡನೇ ವರ್ಷ ಅವಸರದಲ್ಲಿ, ಇಂಜಿನ್ ಆಫ್ ಮಾಡಿದ ಕೂಡಲೇ ಕಡ್ಡಿ ಎಳೆದೆ. ಆಯಿಲ್ ಇನ್ನೂ ಕೆಳಗಿಳಿಯದೆ ಇಂಜಿನ್ನಿನ ಮೇಲ್ಭಾಗದಲ್ಲೇ ಇತ್ತು, ಮಟ್ಟ ಕಡಿಮೆ ಕಂಡಿತು, ಅರ್ಧ ಲೀಟರ್ ಸುರಿದೆ. ಮರುದಿನ ನೋಡಿದರೆ ಮೇಲಿನ ಗೆರೆ ದಾಟಿತ್ತು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆಯುತ್ತದೆ, ನೊರೆಯಾಗುತ್ತದೆ, ನೊರೆ ಬೇರಿಂಗನ್ನು ಕಾಪಾಡುವುದಿಲ್ಲ. ಡಿಪ್‌ಸ್ಟಿಕ್ ಕೊಳವೆಯಿಂದ ಹೆಚ್ಚಿನದನ್ನು ಸಿರಿಂಜಿನಲ್ಲಿ ಎಳೆಸಬೇಕಾಯಿತು. ಅಂದಿನಿಂದ ಒಂದು ಸಲಕ್ಕೆ 200 ಮಿ.ಲೀ. ಮಾತ್ರ ಹಾಕಿ, ಕಾದು, ಮತ್ತೆ ನೋಡುತ್ತೇನೆ.

ಆ ಐದು ವಾರಗಳ ಬೆಲೆ ಇಂಜಿನ್ ತೆರಲಿಲ್ಲವೇ ಎಂದರೆ, ತೆತ್ತಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಗಡಗಡ ಶಬ್ದ ಬರುತ್ತಿತ್ತು. ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಗೆ ವಾಲ್ವುಗಳನ್ನು ಹೊಂದಿಸಿ ನಡೆಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಈ ಇಂಜಿನ್ನಿನಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. 96,000 ಕಿ.ಮೀ.ನಲ್ಲಿ ಚೈನ್ ಮತ್ತು ಟೆನ್ಷನರ್ ಬದಲಾಯಿಸಿದ ಮೇಲೆ ಶಬ್ದ ನಿಂತಿತು. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ನನಗಿನ್ನೂ ಆತಂಕವಿದೆ. ಸುಟ್ಟ ಆಯಿಲ್‌ನಲ್ಲಿರುವ ರಂಜಕ ಅದರೊಳಗೆ ಕೂತು ನಿಧಾನವಾಗಿ ಅದನ್ನು ಕೆಡಿಸುತ್ತದೆ. ಹೊಗೆ ಪರೀಕ್ಷೆಯಲ್ಲಿ ಇಲ್ಲಿಯವರೆಗೆ ಪಾಸಾಗಿದೆ.

ಹಳೆಯ ಕಾರು ನೋಡಲು ಹೋಗುವವರು ಇಂಜಿನ್ ತಣ್ಣಗಿರುವಾಗಲೇ ನೋಡಬೇಕು ಎಂದು ಮೊದಲೇ ಹೇಳಿಡಿ. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಹೊಗೆ, ಶಬ್ದ ಎರಡೂ ಕಾಣುವುದಿಲ್ಲ. ಕಡ್ಡಿ ಎಳೆಯಿರಿ, ಮುಚ್ಚಳದ ಒಳಗೆ ನೋಡಿ. ಅಲ್ಲಿ ಹಾಲಿನಂತೆ ಬಿಳಿಚಿದ ಆಯಿಲ್ ಇದ್ದರೆ ಒಳಗೆ ನೀರು ಸೇರುತ್ತಿರಬಹುದು, ಆ ಕಾರನ್ನು ಪೂರ್ತಿ ಪರೀಕ್ಷೆ ಮಾಡಿಸದೆ ಮುಟ್ಟಬೇಡಿ. ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಒಮ್ಮೆ ಆಕ್ಸಿಲರೇಟರ್ ಕೊಡಿಸಿ, ನೀವು ಹಿಂದೆ ನಿಂತು ಹೊಗೆಯ ಬಣ್ಣ ನೋಡಿ.

ಈ ಕಾರಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಕೈಬಿಟ್ಟ ಕಡೆ ಎಲ್ಲೂ ಇಲ್ಲ, ಅಮ್ಮ ಈಗಲೂ ಅದೇ ಸೀಟಿನಲ್ಲಿ ಕೂತು ನಿದ್ದೆ ಮಾಡುತ್ತಾರೆ. 1,30,000 ತಲುಪಿದಾಗ ಕಂಪ್ರೆಷನ್ ಇನ್ನೊಮ್ಮೆ ನೋಡಿಸುತ್ತೇನೆ. ಸಾವಿರಕ್ಕೆ 500 ಮಿ.ಲೀ. ದಾಟಿದರೆ ರಿಂಗ್ ಕೆಲಸ ಮಾಡಿಸುವುದು ಎಂದು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಕಾರು ಮುಂದೆ ಯಾರ ಕೈಗೆ ಹೋದರೂ ಆ ಪುಸ್ತಕವೂ ಜೊತೆಗೆ ಹೋಗುತ್ತದೆ.