ನಸುಕಿನ ನೀರಿನಲ್ಲಿರುವ ಆಮ್ಲಜನಕ ಅಳೆಯಲು ಮೀಟರ್ ಬೇಕಾ, ಬಾಟಲಿ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಾಜಿನ ಬಾಟಲಿಗೆ. ಮೀಟರಿಗೆ ದುಡ್ಡು ಸುರಿದ ಮೇಲೆ ಬಂದ ಬುದ್ಧಿ ಇದು.

ಕುಂದಾಪುರದ ಪಂಚಗಂಗಾವಳಿ ಹಿನ್ನೀರಿನಲ್ಲಿ ನಮ್ಮ ಮೀನಿನ ಪಂಜರಗಳಿವೆ. ಬಿಸಿಲಿರುವಾಗ ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ 3ರ ಹೊತ್ತಿಗೆ ಅದು ಜಾಸ್ತಿ. ರಾತ್ರಿ ಪಾಚಿ, ಮೀನು, ಕೆಸರಿನ ಬ್ಯಾಕ್ಟೀರಿಯಾ ಎಲ್ಲ ಸೇರಿ ಉಸಿರಾಡಿ ಖಾಲಿ ಮಾಡುತ್ತವೆ. ಸೂರ್ಯ ಹುಟ್ಟುವ ಮುಂಚೆ ತೀರಾ ಕಡಿಮೆ. ಜೊತೆಗೆ ಭರತ ಇಳಿತದ ಆಟ ಬೇರೆ. ಹಾಗಾಗಿ ಬೆಳಗಿನ ಜಾವ 5ಕ್ಕೊಮ್ಮೆ, ಮಧ್ಯಾಹ್ನ 3ಕ್ಕೊಮ್ಮೆ ಅಳೆಯುತ್ತೇನೆ. ನಸುಕಿನಲ್ಲಿ ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ 8 ಗಂಟೆಯ ಮೇವು ಹಾಕುವುದಿಲ್ಲ.

ಮೊದಲು ಕೊಂಡದ್ದು ತುದಿಯಲ್ಲಿ ಪೊರೆ ಇರುವ ಮೀಟರ್. ಒಂದು ವಾರ ನಸುಕಿಗೆ 4.4ರ ಆಸುಪಾಸು ತೋರಿಸಿತು. ಮೇವು ಹಾಕಿದೆ, ಮೀನು ಸರಿಯಾಗಿ ತಿನ್ನಲಿಲ್ಲ. ಅನುಮಾನ ಬಂದು ಬಾಟಲಿಯಲ್ಲಿ ಅಳೆದರೆ 3.7!

ಮೀಟರ್ ಕೆಟ್ಟಿರಲಿಲ್ಲ. ಅದರಲ್ಲಿ ಉಪ್ಪಿನ ಲೆಕ್ಕ ಸೊನ್ನೆಗೆ ನಿಂತಿತ್ತು. 28 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಕಡಲ ನೀರು ಹಿಡಿಯುವುದು 6.4ರಷ್ಟೇ. ಪಾಪ, ಮೀಟರ್ ನಮ್ಮ ಹಿನ್ನೀರನ್ನು ಬಾವಿ ನೀರು ಅಂದುಕೊಂಡಿತ್ತು. ಅಂಗಡಿಯವರು ಇದನ್ನು ಹೇಳಲೇ ಇಲ್ಲ.

ಉಪ್ಪು ಎಷ್ಟು ಅಂತ ಒಮ್ಮೆ ಒತ್ತಿದರೆ ಮುಗೀತಲ್ವಾ ಅನ್ನಬೇಡಿ. ಹೊರಗಡಲಿನಲ್ಲಾದರೆ ಮುಗೀತು. ಅಳಿವೆಯ ಹತ್ತಿರ ಭರತಕ್ಕೊಂದು ಉಪ್ಪು, ಇಳಿತಕ್ಕೊಂದು ಉಪ್ಪು. ಮಳೆಗಾಲದಲ್ಲಂತೂ ಕೇಳಲೇಬೇಡಿ. ಪ್ರತಿ ಸಲ ಉಪ್ಪು ಅಳೆದು, ಆಡುವ ದೋಣಿಯಲ್ಲಿ ಒದ್ದೆ ಕೈಯಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಆ ಪುಟ್ಟ ಬಟನ್ ಒತ್ತಬೇಕು. ಮೇಲಾಗಿ ಪೊರೆಯ ಮುಂದೆ ನೀರು ಹರಿಯುತ್ತಲೇ ಇರಬೇಕು, ಸುಮ್ನೆ ಹಿಡಿದರೆ ಅಂಕಿ ಇಳಿಯುತ್ತಾ ಹೋಗುತ್ತದೆ.

ಬೆಳಕಿನಿಂದ ಅಳೆಯುವ ಆಪ್ಟಿಕಲ್ ಮೀಟರನ್ನು ಭಾವನಿಂದ ಒಂದು ವಾರ ಕಡ ತಂದಿದ್ದೆ. ಪೊರೆಯ ರಗಳೆಯಿಲ್ಲ, ಅಲ್ಲಾಡಿಸಬೇಕಿಲ್ಲ. ಆದರೆ ಉಪ್ಪಿನ ಲೆಕ್ಕ ಅದಕ್ಕೂ ಬೇಕು, ಬೆಲೆಯೂ ಜಾಸ್ತಿ. ಗಂಟೆಗಂಟೆಯ ಲೆಕ್ಕ ಬೇಕಾದವರು ಅದನ್ನೇ ಕೊಳ್ಳಲಿ.

ಬಾಟಲಿಯದ್ದು 1888ರಲ್ಲಿ ವಿಂಕ್ಲರ್ ಎಂಬ ರಸಾಯನ ವಿಜ್ಞಾನಿ ತೋರಿಸಿದ ದಾರಿ. ಗುಳ್ಳೆ ಬರದಂತೆ ನೀರು ತುಂಬಿ, ಎರಡು ದ್ರಾವಣ ಹಾಕಿ, ಬಿರಡೆ ಒತ್ತಿದರೆ ದೋಣಿಯ ಕೆಲಸ ಮುಗಿಯಿತು. ಒಳಗೆ ಕಂದು ಗಸಿ ಏಳುತ್ತದೆ. ಮಧ್ಯಾಹ್ನದ್ದು ಕಾಫಿ ಡಿಕಾಕ್ಷನ್ ಬಣ್ಣ, ನಸುಕಿನದ್ದು ಮಸುಕು. ಉಳಿದದ್ದು ಮನೆಯ ಜಗಲಿಯಲ್ಲಿ: ಆಸಿಡ್ ಹಾಕಿ, ಗಂಜಿ ಬೆರೆಸಿದಾಗ ಬರುವ ನೀಲಿ ಮಾಯವಾಗುವವರೆಗೆ ಥಯೋಸಲ್ಫೇಟ್ ದ್ರಾವಣ ಹನಿಸಿದರೆ, ಅದು ಎಷ್ಟು ಹಿಡಿಯಿತು ಅನ್ನುವುದರಿಂದ ಆಮ್ಲಜನಕದ ಲೆಕ್ಕ ಸಿಗುತ್ತದೆ. ಉಪ್ಪಿನ ಗೊಡವೆಯೇ ಇಲ್ಲ. ಆಸಿಡ್ ಮಾತ್ರ ಮಕ್ಕಳ ಕೈಗೆ ಸಿಗಬಾರದು. 8 ಗಂಟೆಯ ಮೇವಿಗೆ ಮುಂಚೆ ಉತ್ತರ ಬಂದಿರುತ್ತದೆ, ನನಗೆ ಅಷ್ಟು ಸಾಕು.

ಮೀಟರ್ ಈಗಲೂ ದೋಣಿ ಹತ್ತುತ್ತದೆ, ನೀರಿನ ಬಿಸಿ ನೋಡಲು.