ಲ್ಯಾಗಿಂಗ್ ಬಿಚ್ಚದೆ ಪೈಪಿನ ಸವೆತ ನೋಡೋ ಪಲ್ಸ್ಡ್ ಎಡ್ಡಿ ಕರೆಂಟ್ ಸೆಟ್: ಕೆಲವು ಮಳೆಗಾಲ ಬಳಸಿದ ಮೇಲೆ

ನಮ್ಮ ಪ್ಲಾಂಟ್ ನವಿ ಮುಂಬೈನ ತಳೋಜಾದಲ್ಲಿದೆ. ಇಲ್ಲಿನ ಮಳೆಯಲ್ಲಿ ಪೈಪನ್ನು ತಿನ್ನೋದು ಒಳಗಿನ ಕೆಮಿಕಲ್‌ಗಿಂತ ಜಾಸ್ತಿ ಲ್ಯಾಗಿಂಗ್ (ಪೈಪಿಗೆ ಸುತ್ತಿದ ಶಾಖ ತಡೆಯೋ ಹೊದಿಕೆ) ಒಳಗೆ ಸೇರಿಕೊಂಡ ನೀರು. ಅದಕ್ಕೇ ಈ ಸೆಟ್ ತಗೊಂಡೆವು.

ಲ್ಯಾಗಿಂಗ್ ಮೇಲೆ ಇಡೋ ಪ್ರೋಬ್‌ನ ಕಾಯಿಲ್‌ಗೆ ಕರೆಂಟ್ ಕೊಟ್ಟು ಥಟ್ಟನೆ ಕಡಿದರೆ ಪೈಪಿನ ಉಕ್ಕಿನಲ್ಲಿ ಎಡ್ಡಿ ಕರೆಂಟ್ (ಸುಳಿಯಂತೆ ಸುತ್ತೋ ವಿದ್ಯುತ್) ಏಳುತ್ತದೆ. ಗೋಡೆ ದಪ್ಪ ಇದ್ದರೆ ಅದು ನಿಧಾನ ಇಳಿಯುತ್ತದೆ, ಸವೆದಿದ್ದರೆ ಬೇಗ. ಹೊರಗಿನ ಅಲ್ಯೂಮಿನಿಯಂ ಕ್ಲ್ಯಾಡಿಂಗ್ (ತಗಡಿನ ಕವಚ), ಅದರೊಳಗಿನ ರಾಕ್‌ವೂಲ್ (ಕಲ್ಲಿನ ನಾರು) ಎರಡರ ಮೇಲಿಂದಲೇ ಓದುತ್ತದೆ, ಲೈನ್ ಓಡ್ತಿದ್ದರೂ ಸರಿ. ಯುಟಿ ಗೇಜ್ (ಅಲ್ಟ್ರಾಸೌಂಡ್‌ನಿಂದ ದಪ್ಪ ಅಳೆಯೋದು) ಆದರೆ ಎಲ್ಲ ಬಿಚ್ಚಿ, ತುಕ್ಕು ಕೆರೆದು, ಜೆಲ್ ಹಚ್ಚಬೇಕಲ್ವಾ?

ಆದರೆ ಸ್ಕ್ರೀನ್ ಮೇಲಿನ ನಂಬರನ್ನು ಹಾಗೇ ನಂಬಬೇಡಿ. ಒಂದು ಆರಿಂಚಿನ ಲೈನಿನಲ್ಲಿ, ಯುಟಿಯಲ್ಲಿ 7 ಮಿ.ಮೀ. ಬಂದ ಜಾಗವನ್ನು ನೂರು ಪರ್ಸೆಂಟ್ ಅಂತ ಇಟ್ಟುಕೊಂಡಿದ್ದೆವು. ಸಪೋರ್ಟಿನಿಂದ ಸ್ವಲ್ಪ ಆಚೆ 86 ಪರ್ಸೆಂಟ್ ತೋರಿಸಿತು. ಅಂದರೆ ಸುಮಾರು 6 ಮಿ.ಮೀ., ಗಾಬರಿಯೇನಿಲ್ಲ ಅನ್ನಿಸುತ್ತದೆ. ಬಿಚ್ಚಿಸಿದಾಗ ಕಲಬುರಗಿ ಕಡೆಯ ನಮ್ಮ ಫಿಟರ್ ರಾಕ್‌ವೂಲ್ ಹಿಡಿದು, "ಸಾಹೇಬ್ರ, ಹಿಂಡಿದ್ರ ನೀರು ಬರ್ತೈತ್ರಿ" ಅಂದ. ಕ್ಲ್ಯಾಡಿಂಗಿನ ಜೋಡಣೆ ಬಾಯಿ ಬಿಟ್ಟಿತ್ತು. ಅಡಿಭಾಗದಲ್ಲಿ ಅಂಗೈಯಗಲ ತುಕ್ಕಿನ ಹಕ್ಕಳೆ, ಅದರಡಿ ಗುಳಿ. ಯುಟಿ ಗೇಜ್ ಇಟ್ಟರೆ 3.4 ಮಿ.ಮೀ.! ಪ್ರೋಬ್ ತನ್ನಡಿಯ ಇಡೀ ಪಟ್ಟಿಯ ಸರಾಸರಿ ಕೊಡುತ್ತದೆ, ಲ್ಯಾಗಿಂಗ್ ದಪ್ಪವಾದಷ್ಟೂ ಆ ಪಟ್ಟಿ ಅಗಲವಾಗುತ್ತದೆ. ಸಣ್ಣ ಗುಳಿ ಅದರಲ್ಲೇ ಕರಗಿಹೋಗುತ್ತದೆ. ಎಲ್ಲಿ ಬಿಚ್ಚಬೇಕು ಅಂತ ತಿಳಿಯೋಕೆ ಇದು, ಎಷ್ಟು ಉಳಿದಿದೆ ಅನ್ನೋಕೆ ಯುಟಿಯೇ.

ಫ್ಲೇಂಜ್ (ಪೈಪು ಜೋಡಿಸೋ ಬಿಲ್ಲೆ), ನಾಝಲ್ (ಟ್ಯಾಂಕಿಗೆ ಪೈಪು ಸೇರೋ ಬಾಯಿ) ಹತ್ತಿರ ರೀಡಿಂಗ್ ಕುಣಿಯುತ್ತದೆ. ಅಲ್ಯೂಮಿನಿಯಂ ಬದಲು ಜಿಐ ಶೀಟ್ (ಸತು ಲೇಪಿಸಿದ ಉಕ್ಕಿನ ತಗಡು) ಇರುವಲ್ಲಂತೂ ನಮ್ಮ ಪ್ರೋಬ್ ಸುಮ್ನೆ ಟೈಮ್ ವೇಸ್ಟ್. ಸವೆತ ಒಳಗಿಂದಲೋ ಹೊರಗಿಂದಲೋ ಅನ್ನೋದೂ ತಿಳಿಯೋದಿಲ್ಲ.

ವರ್ಷದಿಂದ ವರ್ಷಕ್ಕೆ ಅದೇ ಜಾಗ ಹೋಲಿಸೋಕೆ ಮಾತ್ರ ಬಹಳ ಚೆನ್ನಾಗಿದೆ. ಮಾರ್ಕರ್ ಗುರುತು ಒಂದೇ ಮಳೆಗೆ ಹೋಗುತ್ತದೆ, ಕ್ಲ್ಯಾಡಿಂಗಿಗೆ ಪೇಂಟ್ ಹಚ್ಚಿಸಿ. ಕೇಬಲ್ ಕನೆಕ್ಟರ್ ಸಡಿಲ, ಬದಲಿ ತರಿಸೋಕೆ ವಾರಗಟ್ಟಲೆ ಕಾದಿದ್ದೇವೆ.

ಲ್ಯಾಗಿಂಗ್ ಇರುವ ಉದ್ದುದ್ದ ಲೈನ್ ಇಲ್ಲದ ಸಣ್ಣ ಪ್ಲಾಂಟಿನವರು ಕೊಳ್ಳಬೇಡಿ. ಆಪರೇಟರ್ ಸಮೇತ ಬಾಡಿಗೆಗೆ ಕರೆಸಿ, ಕ್ಲ್ಯಾಡಿಂಗ್ ಅಲ್ಯೂಮಿನಿಯಂ ಹೌದೋ ಅಲ್ಲವೋ ಅಂತ ಫೋನಿನಲ್ಲೇ ಹೇಳಿಬಿಡಿ.