ಉಚಿತ ಎಚ್‌ಐವಿ ಪರೀಕ್ಷೆ: ಐಸಿಟಿಸಿ ಸೇವೆ ಗಟ್ಟಿ, ಪ್ರಚಾರ ಮಾತ್ರ ಅರ್ಧಂಬರ್ಧ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾಸ್ಪತ್ರೆಗಳಲ್ಲಿ ‘ಐಸಿಟಿಸಿ’ ಎಂದು ಬೋರ್ಡು ಹಾಕಿದ ಕೋಣೆ ಇರುತ್ತದೆ. ಅದು ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಇಲ್ಲಿ ದುಡ್ಡು ಕೊಡಬೇಕಿಲ್ಲ, ಡಾಕ್ಟರ ಚೀಟಿ ಬೇಕಿಲ್ಲ, ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ನಿಯಮವೂ ಇಲ್ಲ. ಭಾನುವಾರ ಬಿಟ್ಟು ಬೇರೆ ದಿನ ಬೆಳಿಗ್ಗೆ ಹೋದರೆ ಸಾಮಾನ್ಯವಾಗಿ ಅದೇ ದಿನ ಫಲಿತಾಂಶ ಸಿಗುತ್ತದೆ.

‘ಆ ರೂಮಿಗೆ ಯಾಕ ಹೊಂಟಾನ’ ಅಂತ ಯಾರಾದರೂ ನೋಡಿಯಾರು ಎಂಬ ಅಳುಕಿಗೇ ಅರ್ಧ ಜನ ಬಾಗಿಲಿನಿಂದ ವಾಪಸಾಗುತ್ತಾರೆ. ಬಸುರಿಯರಿಗೆ, ಕ್ಷಯರೋಗಿಗಳಿಗೆ ಈ ಪರೀಕ್ಷೆ ಮಾಮೂಲಿ ತಪಾಸಣೆಯ ಭಾಗ. ಹಾಗಾಗಿ ಅಲ್ಲಿ ಬೆಂಚಿನ ಮೇಲೆ ಕೂತವರನ್ನು ನೋಡಿ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮೊದಲು ಆಪ್ತಸಮಾಲೋಚಕರು ಬಾಗಿಲು ಹಾಕಿ ಮಾತಾಡಿಸುತ್ತಾರೆ. ಯಾವ ಸಂದರ್ಭ, ಎಷ್ಟು ದಿನವಾಯಿತು, ಕಾಂಡೋಮ್ ಬಳಸಿದ್ದಿರಾ, ಸೂಜಿ ಹಂಚಿಕೊಂಡಿದ್ದಿರಾ ಎಂದು ಕೇಳುತ್ತಾರೆ. ಇಲ್ಲಿ ಮುಚ್ಚಿಟ್ಟರೆ ನಷ್ಟ ನಿಮಗೇ, ಏಕೆಂದರೆ ಮತ್ತೆ ಯಾವಾಗ ಪರೀಕ್ಷಿಸಬೇಕೆಂಬುದು ಈ ಉತ್ತರಗಳ ಮೇಲೆ ನಿಂತಿದೆ. ಒಪ್ಪಿಗೆ ಪಡೆದ ಮೇಲೆ ತೋಳಿನ ನರದಿಂದ ಸ್ವಲ್ಪ ರಕ್ತ ತೆಗೆಯುತ್ತಾರೆ. ಒಪ್ಪಿಗೆಯನ್ನೂ ಗೋಪ್ಯತೆಯನ್ನೂ 2017ರ ಎಚ್‌ಐವಿ ಕಾಯ್ದೆ ಕಡ್ಡಾಯ ಮಾಡಿದೆ, ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಫಲಿತಾಂಶವನ್ನು ನಿಮ್ಮ ಕೈಗೇ ಕೊಡಬೇಕು. ಗಂಡ ಹೆಂಡತಿ ಜೊತೆಯಾಗಿ ಬಂದರೂ ಇಬ್ಬರ ಒಪ್ಪಿಗೆಯೂ ಬೇರೆ ಬೇರೆ.

ಪರೀಕ್ಷೆಯ ವಿಧಾನವೇ ಈ ಸೇವೆಯ ದೊಡ್ಡ ಬಲ. ಮೊದಲ ರ‍್ಯಾಪಿಡ್ ಕಿಟ್ ಅತಿ ಸೂಕ್ಷ್ಮದ್ದು. ಅದರಲ್ಲಿ ಸೋಂಕಿನ ಗೆರೆ ಮೂಡದಿದ್ದರೆ ನೆಗೆಟಿವ್ ಎಂದು ಬರೆಯುತ್ತಾರೆ. ಮೂಡಿದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡುತ್ತಾರೆ. ಮೂರರಲ್ಲೂ ಆ ಗೆರೆ ಮೂಡಿ ‘ರಿಯಾಕ್ಟಿವ್’ ಬಂದರಷ್ಟೇ ಪಾಸಿಟಿವ್. ಮೂರರ ಉತ್ತರ ಹೊಂದದಿದ್ದರೆ 2ರಿಂದ 4 ವಾರ ಬಿಟ್ಟು ಮತ್ತೆ ಬರಲು ಹೇಳುತ್ತಾರೆ. ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಕಾಣದಿದ್ದರೆ ಆ ಕಿಟ್ ಲೆಕ್ಕಕ್ಕಿಲ್ಲ. ಪ್ರತಿ ಕಿಟ್‌ಗೂ ಓದುವ ಸಮಯ ಗೊತ್ತುಮಾಡಿರುತ್ತಾರೆ. ತಡವಾಗಿ ನೋಡಿದರೆ ಇಲ್ಲದ ಗೆರೆ ಮಸುಕಾಗಿ ಕಂಡೀತು. ಖಾಸಗಿ ಲ್ಯಾಬಿನಲ್ಲಿ ಒಂದೇ ಕಾರ್ಡ್ ಟೆಸ್ಟ್ ಮಾಡಿ ‘ರಿಯಾಕ್ಟಿವ್’ ಎಂದು ಬರೆದ ಚೀಟಿ ಹಿಡಿದು ಕುಸಿದು ಕೂತವರು ಬೇಕಾದಷ್ಟು ಜನರಿದ್ದಾರೆ. ಆ ಚೀಟಿ ತೀರ್ಪಲ್ಲ. ಅದನ್ನು ಹಿಡಿದು ನೇರ ಐಸಿಟಿಸಿಗೆ ಬನ್ನಿ.

ಇಷ್ಟು ಒಳ್ಳೆಯ ಸೇವೆಗೆ ತಕ್ಕ ಪ್ರಚಾರ ಮಾತ್ರ ಇಲ್ಲ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರ ಜಾಥಾ, ಗೋಡೆಬರಹ, ಬೀದಿನಾಟಕ ಎಲ್ಲವೂ ‘ಪರೀಕ್ಷೆ ಮಾಡಿಸಿಕೊಳ್ಳಿ’ ಎನ್ನುತ್ತವೆ, ಯಾವಾಗ ಎನ್ನುವುದಿಲ್ಲ. ಕೇಂದ್ರದಲ್ಲಿ ಹುಡುಕುವುದು ವೈರಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಪತ್ತೆಯಾಗುವ ಮಟ್ಟಕ್ಕೆ ಬರಲು ಕೆಲವು ವಾರ ಬೇಕು, ಕೆಲವರಿಗೆ 3 ತಿಂಗಳೂ ಹಿಡಿಯಬಹುದು. ಶನಿವಾರ ಅಪಾಯಕ್ಕೆ ಒಡ್ಡಿಕೊಂಡು ಸೋಮವಾರ ನೆಗೆಟಿವ್ ಚೀಟಿ ಪಡೆದವರು ನಿರಾಳವಾಗಿ ಮನೆಗೆ ಹೋಗುತ್ತಾರೆ. ಆ ಚೀಟಿ ಹೇಳುವುದು ಶನಿವಾರದ ಹಿಂದಿನ ಕಥೆಯನ್ನು. 3 ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು, ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದು. ಸಮಾಲೋಚಕರು ಇದನ್ನು ಹೇಳಿದರೂ ಎರಡನೇ ಸಲ ಬರುವವರು ಕಡಿಮೆ. ಗೋಡೆಯ ಮೇಲೆ ಆ ಮೂರು ತಿಂಗಳನ್ನು ದಪ್ಪಕ್ಷರದಲ್ಲಿ ಬರೆಸಬೇಕು ಅನ್ನುವುದು ನಮ್ಮ ಒತ್ತಾಯ.

ಇನ್ನೊಂದು ಗಡುವು 72 ಗಂಟೆಯದು. ರೋಗಿಗೆ ಬಳಸಿದ ಸೂಜಿ ಅಕಸ್ಮಾತ್ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಪಿಇಪಿ ಎಂಬ ಔಷಧಿ ಶುರು ಮಾಡಿದರೆ ಸೋಂಕು ತಗಲುವ ಸಾಧ್ಯತೆ ಬಹಳ ಇಳಿಯುತ್ತದೆ. ಮೊದಲ 2 ಗಂಟೆಯೊಳಗೆ ತಗೊಂಡರೆ ಉತ್ತಮ, 72 ಗಂಟೆ ದಾಟಿದರೆ ಉಪಯೋಗವಿಲ್ಲ. 28 ದಿನ ತಪ್ಪದೆ ನುಂಗಬೇಕು. ಚುಚ್ಚಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಇದಕ್ಕೆ ಐಸಿಟಿಸಿ ತೆರೆಯಲಿ ಎಂದು ಬೆಳಗಿನವರೆಗೆ ಕಾಯುವುದು ತಪ್ಪು. ರಾತ್ರಿಯಾದರೂ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ ಕೇಳಬೇಕು. ಬೇರೆ ಬಗೆಯ ಅಪಾಯವಾಗಿದ್ದರೂ ವೈದ್ಯರನ್ನು ಆ ಗಡುವಿನೊಳಗೇ ಕಾಣಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಬಹುದು, ಕರೆಗೆ ಕಾಸಿಲ್ಲ.

ಕೇಂದ್ರದಲ್ಲಿ ಕಾಂಡೋಮ್ ಕೂಡ ಪುಕ್ಕಟೆ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬೈಕಿನ ಡಿಕ್ಕಿ, ಲಾರಿ ಕ್ಯಾಬಿನ್, ಪ್ಯಾಂಟಿನ ಹಿಂಜೇಬಿನ ಪರ್ಸು, ಈ ಮೂರರಲ್ಲೂ ಲೇಟೆಕ್ಸ್ ಒಣಗಿ ದುರ್ಬಲವಾಗುತ್ತದೆ, ಬಳಸುವಾಗ ಹರಿಯುತ್ತದೆ. ಮನೆಯೊಳಗೆ ನೆರಳಲ್ಲಿಡಿ, ಅವಧಿ ಮುಗಿಯುವ ದಿನಾಂಕ ನೋಡಿ, ಪೊಟ್ಟಣ ಹಲ್ಲಿನಿಂದ ಹರಿಯಬೇಡಿ. ತುದಿ ಹಿಡಿದು ಗಾಳಿ ತೆಗೆದು ತೊಡಿಸಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ತಾಗಿದರೆ ಲೇಟೆಕ್ಸ್ ಕೆಡುತ್ತದೆ. ಎರಡು ಒಟ್ಟಿಗೆ ಹಾಕಿಕೊಂಡರೆ ಉಜ್ಜಿ ಹರಿಯುವ ಸಂಭವವೇ ಹೆಚ್ಚು. ಪೆಟ್ಟಿಗೆ ಇಟ್ಟು ಸುಮ್ಮನಾಗದೆ, ಮಾದರಿ ಹಿಡಿದು ತೋರಿಸಿಕೊಡುವ ಕೇಂದ್ರಗಳೇ ನಿಜವಾಗಿ ಕೆಲಸ ಮಾಡುತ್ತಿವೆ ಎನ್ನಬೇಕು.

ಬಸುರಿಯಲ್ಲಿ ಸೋಂಕು ಕಂಡರೆ ತಡಮಾಡದೆ ತಾಯಿಗೆ ಮಾತ್ರೆ, ಹುಟ್ಟಿದ ಮಗುವಿಗೆ ಔಷಧಿ, ಮಗುವಿಗೆ 6 ವಾರವಾದಾಗ ರಕ್ತಪರೀಕ್ಷೆ. ಈ ಸರಪಳಿ ಕಡಿಯದಿದ್ದರೆ ಮಗುವಿಗೆ ಸೋಂಕು ದಾಟುವುದನ್ನು ಬಹುಮಟ್ಟಿಗೆ ತಡೆಯಬಹುದು.

ಪಾಸಿಟಿವ್ ಬಂದವರನ್ನು ವೈರಾಣು ತಡೆಯುವ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ, ಅದೂ ಉಚಿತ. ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಈ ಮಾತನ್ನು ಬೀದಿನಾಟಕದವರು ಒಮ್ಮೆಯಾದರೂ ಆಡಬೇಕು. ಸಾವಿನ ಬೊಂಬೆ ತೋರಿಸಿ ಹೆದರಿಸಿದರೆ ಜನ ಪರೀಕ್ಷೆಯಿಂದಲೇ ದೂರ ಓಡುತ್ತಾರೆ.

ಮಾತ್ರೆ ಕೈತಪ್ಪುವುದು ಹೆಚ್ಚಾಗಿ ದುಡಿಯಲು ಊರು ಬಿಡುವಾಗ. ಸುಗ್ಗಿ ಮುಗಿಸಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೊರಡುವವರು ಮಾತ್ರೆ ತೀರುವವರೆಗೆ ಕಾಯದೆ ಹೊರಡುವ ಮುಂಚೆಯೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಬೇಕು. ಹೋಗುವ ಊರಿನ ಕೇಂದ್ರಕ್ಕೆ ವರ್ಗಾವಣೆ ಮಾಡಿಕೊಡುತ್ತಾರೆ. ಚಿಕಿತ್ಸೆಯ ವಿವರ ಬರೆದಿರುವ ಹಸಿರು ಪುಸ್ತಕವನ್ನು ಬಟ್ಟೆಯ ಜೊತೆ ಗಂಟು ಕಟ್ಟಿಕೊಂಡು ಹೋದರೆ ಅಲ್ಲಿ ಮೊದಲಿನಿಂದ ಎಲ್ಲ ಹೇಳುವ ತೊಂದರೆ ಇರುವುದಿಲ್ಲ.